ಚಂದಮಾಮವನ್ನು ಬರೆದವರು, ಬಿಡಿಸಿದವರು

ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ ಮದರಾಸಿನಲ್ಲಿ ಹುಟ್ಟಿದ್ದು 1947ರ ಜುಲೈ ತಿಂಗಳಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಒಂದು ತಿಂಗಳು ಮೊದಲು. ಆರಂಭದಲ್ಲಿ ಅದು ಎರಡು ಭಾಷೆಗಳ ಪತ್ರಿಕೆ. ತೆಲುಗಿನಲ್ಲಿ ‘ಚಂದಮಾಮ’, ತಮಿಳಿನಲ್ಲಿ ‘ಅಂಬುಲಿಮಾಮಾ’. ಕನ್ನಡ ಮತ್ತು ಹಿಂದಿ ಆವೃತ್ತಿಗಳು 1949ರಲ್ಲಿ ಬಂದವು. 1952ರಲ್ಲಿ ಮರಾಠಿಯ ‘ಚಾಂದೋಬಾ’ ಸೇರಿಕೊಂಡಿತು. ಮಲಯಾಳ, ಗುಜರಾತಿ, ಒಡಿಯಾ ಮುಂತಾದ ಭಾಷೆಗಳಲ್ಲೂ ಪತ್ರಿಕೆ ಕಾಲೂರಿತು. ಇಂಗ್ಲಿಷ್ ಆವೃತ್ತಿ 1955ರಲ್ಲಿ ಹೊರಟು ಸ್ವಲ್ಪ ಕಾಲದಲ್ಲೇ ನಿಂತು 1970ರಲ್ಲಿ ಮತ್ತೆ ಚಿಗುರಿತು. ಸಂಸ್ಕೃತದ ಆವೃತ್ತಿ ಬಂದದ್ದು 1984ರಲ್ಲಿ. ಇಷ್ಟೆಲ್ಲ ಭಾಷೆಗಳ ಪತ್ರಿಕೆ ತಯಾರಾಗುತ್ತಿದ್ದುದು ಮದರಾಸಿನ ವಡಪಳನಿಯಲ್ಲಿ, ಆರ್ಕಾಟ್ ರಸ್ತೆಯ ಒಂದೇ ಆವರಣದಲ್ಲಿ. ಅಲ್ಲಿ ಕೂತು ಬರೆದವರು, ತಿದ್ದಿದವರು, ಅನುವಾದಿಸಿದವರು, ಚಿತ್ರ ಬಿಡಿಸಿದವರು ಬಹುಪಾಲು ತಿಂಗಳ ಸಂಬಳಕ್ಕೆ ದುಡಿದ ನೌಕರರು. ದಶಕಗಟ್ಟಲೆ ಅದೇ ಕೆಲಸ ಮಾಡಿದ ಇವರಲ್ಲಿ ಹಲವರ ಹೆಸರು ಪತ್ರಿಕೆಯ ಪುಟಗಳಲ್ಲಿ ಒಮ್ಮೆಯೂ ಕಾಣಿಸಿಕೊಂಡಿಲ್ಲ. ಚಂದಮಾಮದ ಚರಿತ್ರೆಯೆಂದರೆ ಮುಖ್ಯವಾಗಿ ಇವರ ಚರಿತ್ರೆ.

ಪತ್ರಿಕೆಯ ಸ್ಥಾಪಕರು ಇಬ್ಬರು, ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. 1912ರಲ್ಲಿ ಕಡಪ ಜಿಲ್ಲೆಯಲ್ಲಿ ಹುಟ್ಟಿದ ನಾಗಿರೆಡ್ಡಿಯವರು ಮದರಾಸಿನಲ್ಲಿ ಮುದ್ರಣಾಲಯ ನಡೆಸಿ ಪಳಗಿದವರು. ಚಿತ್ರ ನಿರ್ದೇಶಕ ಬಿ.ಎನ್. ರೆಡ್ಡಿ ನಾಗಿರೆಡ್ಡಿಯವರ ಅಣ್ಣ. ಚಂದಮಾಮ ಆರಂಭವಾದ ಮೇಲೆ ಇದೇ ಇಬ್ಬರು ಗೆಳೆಯರು ಕಟ್ಟಿದ ವಿಜಯಾ ಸಂಸ್ಥೆಯಿಂದ ‘ಪಾತಾಳಭೈರವಿ’ (1951), ‘ಮಿಸ್ಸಮ್ಮ’ (1955), ‘ಮಾಯಾಬಜಾರ್’ (1957) ಬಂದವು. ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಮದುವೆ ಮಾಡಿ ನೋಡು’ (1965) ಕೂಡ ಇವರದೇ ನಿರ್ಮಾಣ. 1986ರಲ್ಲಿ ನಾಗಿರೆಡ್ಡಿಯವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಸಿನಿಮಾದ ಹೆಸರು ದೊಡ್ಡದಾದ್ದರಿಂದ ಅವರ ಮುದ್ರಣದ ಕಸುಬು ಹಿಂದೆ ಸರಿದಂತೆ ಕಾಣುತ್ತದೆ. ಆದರೆ ಕಾಗದ, ಮಸಿ, ಬಣ್ಣ, ಯಂತ್ರಗಳನ್ನು ಬಲ್ಲ ಒಬ್ಬ ಮುದ್ರಕ ಬೆನ್ನಿಗೆ ಇರದಿದ್ದರೆ ತಿಂಗಳು ತಪ್ಪದೆ ಇಷ್ಟು ಭಾಷೆಗಳಲ್ಲಿ ಬಣ್ಣದ ಪತ್ರಿಕೆ ಹೊರಡಿಸುವುದು ಆ ಕಾಲದಲ್ಲಿ ಆಗದ ಮಾತು. ಸಂಸ್ಥೆಯ ಪ್ರಸಾದ್ ಪ್ರೋಸೆಸ್ ಮುದ್ರಣಾಲಯವೇ ಚಂದಮಾಮದ ಅಚ್ಚುಕೂಟವಾಗಿತ್ತು.

ಪತ್ರಿಕೆಯ ಒಳಗೇನಿರಬೇಕು ಎಂಬುದು ಚಕ್ರಪಾಣಿಯವರ ತೀರ್ಮಾನ. ಅವರ ನಿಜನಾಮ ಆಲೂರಿ ವೆಂಕಟಸುಬ್ಬಾರಾವ್. ಊರು ತೆನಾಲಿ, ಹುಟ್ಟಿದ್ದು 1908ರಲ್ಲಿ. ರಾಷ್ಟ್ರೀಯ ಚಳವಳಿಯ ದಿನಗಳಲ್ಲಿ ಹಿಂದಿ ಕಲಿತರು. ಕ್ಷಯರೋಗದ ಚಿಕಿತ್ಸೆಗೆಂದು ಮದನಪಲ್ಲಿಯ ಆರೋಗ್ಯಧಾಮದಲ್ಲಿದ್ದಾಗ ಬಂಗಾಳಿ ಕಲಿತರು. ಶರತ್‌ಚಂದ್ರರ ಕಾದಂಬರಿಗಳು ಆಂಧ್ರದ ಮನೆಮನೆಗೆ ತಲುಪಿದ್ದರಲ್ಲಿ ಅವರ ಅನುವಾದಗಳ ಪಾಲು ದೊಡ್ಡದು. ಆ ಅನುವಾದಗಳ ತೆಲುಗು ಎಷ್ಟು ಸಹಜವಾಗಿತ್ತೆಂದರೆ ಶರತ್ ತೆಲುಗಿನವರೇ ಎಂದು ನಂಬಿದ ಓದುಗರಿದ್ದರಂತೆ. ತೆನಾಲಿಯಲ್ಲಿ ‘ಯುವ’ ಎಂಬ ಪತ್ರಿಕೆ ನಡೆಸಿದ ಅನುಭವವೂ ಅವರಿಗಿತ್ತು. ಬಿ.ಎನ್. ರೆಡ್ಡಿಯವರ ‘ಸ್ವರ್ಗಸೀಮ’ ಚಿತ್ರಕ್ಕೆ ಬರೆದದ್ದರಿಂದ ಸಿನಿಮಾ ವಲಯಕ್ಕೂ ಹತ್ತಿರವಾದರು.

ಒಂದು ಭಾಷೆಯ ಕಥೆಯನ್ನು ಇನ್ನೊಂದು ಭಾಷೆಯ ಓದುಗನಿಗೆ ಪರಕೀಯವೆನಿಸದಂತೆ ದಾಟಿಸುವ ವಿದ್ಯೆ ಚಕ್ರಪಾಣಿಯವರಿಗೆ ಒಲಿದಿತ್ತು. ಚಂದಮಾಮ ನಿಂತದ್ದೇ ಆ ವಿದ್ಯೆಯ ಮೇಲೆ. ಕಥೆ ಮೊದಲು ಕಥೆಯಾಗಿರಬೇಕು, ಮಗುವಿಗೆ ‘ಮುಂದೇನಾಯಿತು’ ಎನಿಸಬೇಕು, ನೀತಿ ಇದ್ದರೆ ಅದು ಕಥೆಯೊಳಗಿಂದಲೇ ಹುಟ್ಟಬೇಕು ಎಂಬ ನಿಲುವು ಪತ್ರಿಕೆಯ ಪ್ರತಿ ಪುಟದಲ್ಲೂ ಕಾಣುತ್ತದೆ. ಮಕ್ಕಳಿಗೆಂದು ಬರೆದದ್ದೆಲ್ಲ ಉಪದೇಶವಾಗುತ್ತಿದ್ದ ಕಾಲದಲ್ಲಿ ಇದು ಧೈರ್ಯದ ನಿಲುವು. ಕಥೆಗಾಗಿ ಅವರು ದೂರ ಹೋಗಬೇಕಾಗಿರಲಿಲ್ಲ. ರಾಮಾಯಣ, ಮಹಾಭಾರತ, ಪುರಾಣಗಳು, ಜಾತಕ ಕಥೆಗಳು, ಪಂಚತಂತ್ರ, ಕಥಾಸರಿತ್ಸಾಗರ, ಅರಬ್ಬೀ ಕಥೆಗಳು, ಹಳ್ಳಿಗಾಡಿನ ಅಜ್ಜಿಕಥೆಗಳು ಎಲ್ಲವೂ ಮೂಲದ್ರವ್ಯವಾದವು.

ಈ ದ್ರವ್ಯಕ್ಕೆ ಒಂದು ಹದ ತಂದವರು ಕೊಡವಟಿಗಂಟಿ ಕುಟುಂಬರಾವ್. ತೆಲುಗಿನ ಸಾಹಿತ್ಯವಲಯ ಅವರನ್ನು ‘ಕೊಕು’ ಎಂದೇ ಕರೆಯುತ್ತದೆ. 1909ರಲ್ಲಿ ಹುಟ್ಟಿದ ಅವರೂ ತೆನಾಲಿಯವರು. ಭೌತಶಾಸ್ತ್ರ ಓದಿದವರು, ಉನ್ನತ ವ್ಯಾಸಂಗಕ್ಕೆ ಕಾಶಿಗೂ ಹೋಗಿದ್ದವರು. ‘ಚದುವು’ ಎಂಬ ಅವರ ಕಾದಂಬರಿ ಆಧುನಿಕ ತೆಲುಗು ಸಾಹಿತ್ಯದ ಮುಖ್ಯ ಕೃತಿಗಳಲ್ಲಿ ಒಂದು. ಸಣ್ಣಕಥೆ, ವಿಜ್ಞಾನ ಬರಹ, ಸಂಗೀತ ಮತ್ತು ಸಿನಿಮಾ ವಿಮರ್ಶೆ ಹೀಗೆ ಅವರು ಕೈಯಾಡಿಸದ ಪ್ರಕಾರ ಕಡಿಮೆ. 1952ರಲ್ಲಿ ಚಂದಮಾಮದ ಸಂಪಾದಕೀಯ ವಿಭಾಗಕ್ಕೆ ಬಂದವರು 1980ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಇಪ್ಪತ್ತೆಂಟು ವರ್ಷಗಳ ಈ ಅವಧಿಯ ಬಹುಪಾಲು ಸಂಚಿಕೆಗಳಲ್ಲಿ ಸಂಪಾದಕರೆಂದು ಅಚ್ಚಾಗುತ್ತಿದ್ದ ಹೆಸರು ಚಕ್ರಪಾಣಿಯವರದು.

ಕುಟುಂಬರಾವ್ ಮಾರ್ಕ್ಸ್‌ವಾದಿ, ವೈಚಾರಿಕ. 1970ರಲ್ಲಿ ಆಂಧ್ರದಲ್ಲಿ ರೂಪುಗೊಂಡ ಕ್ರಾಂತಿಕಾರಿ ಬರಹಗಾರರ ಸಂಘದಲ್ಲೂ ಇದ್ದವರು. ಅಂಥವರು ದೆವ್ವ, ರಾಕ್ಷಸ, ಶಾಪ, ವರಗಳ ಪತ್ರಿಕೆಯನ್ನು ಇಷ್ಟು ಕಾಲ ಹೇಗೆ ನಡೆಸಿದರು ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಅದಕ್ಕೆ ಉತ್ತರ ಪತ್ರಿಕೆಯಲ್ಲೇ ಸಿಗುತ್ತದೆ. ಚಂದಮಾಮದ ದೆವ್ವಗಳು ಮಕ್ಕಳನ್ನು ಹೆದರಿಸಲು ಬಂದವಲ್ಲ. ಹೆಚ್ಚಿನ ಕಥೆಗಳಲ್ಲಿ ಅವುಗಳಿಗೂ ಮನುಷ್ಯರಂತೆ ಹಸಿವು, ಕೃತಜ್ಞತೆ, ಮೊಂಡುತನ, ಪೆದ್ದುತನ ಇರುತ್ತವೆ. ಬಡ ಸೊಸೆಯೊಬ್ಬಳು ಬಾಯಿಚಾತುರ್ಯದಿಂದ ದೆವ್ವವನ್ನು ಸೋಲಿಸುತ್ತಾಳೆ. ಲೋಭಿ ಜಮೀನ್ದಾರ ತನ್ನ ಲೋಭದಿಂದಲೇ ಕೆಡುತ್ತಾನೆ. ಗೆಲ್ಲುವುದು ಬುದ್ಧಿ ಮತ್ತು ಸಜ್ಜನಿಕೆ. ಕಲ್ಪನೆ ಬೆಳೆಯದ ಮಗುವಿನಲ್ಲಿ ವಿಚಾರವೂ ಬೆಳೆಯಲಾರದು ಎಂಬ ತಿಳಿವಳಿಕೆ ಇಲ್ಲದವರಿಂದ ಇಂಥ ಆಯ್ಕೆ ಸಾಧ್ಯವಿರಲಿಲ್ಲ.

ಅವರ ಇನ್ನೊಂದು ದೊಡ್ಡ ಕೆಲಸ ಭಾಷೆಯದು. ಚಂದಮಾಮದ ತೆಲುಗು ಗ್ರಾಂಥಿಕವಲ್ಲ, ಆಡುನುಡಿಗೆ ಹತ್ತಿರವಾದ ಬರಹದ ಭಾಷೆ. ವಾಕ್ಯಗಳು ಚಿಕ್ಕವು, ವಿಶೇಷಣಗಳು ವಿರಳ, ಸಂಭಾಷಣೆಗೆ ಮೊದಲ ಪ್ರಾಶಸ್ತ್ಯ. ಹೊರಗಿನ ಲೇಖಕರು ಕಳುಹಿಸಿದ ಕಥೆಗಳೂ ಅವರ ಕೈಯಲ್ಲಿ ತಿದ್ದಿಸಿಕೊಂಡು, ಎಷ್ಟೋ ಸಲ ಪೂರ್ತಿ ಮರುಬರಹಗೊಂಡು ಅಚ್ಚಿಗೆ ಹೋಗುತ್ತಿದ್ದವು. ಆದ್ದರಿಂದಲೇ ಹತ್ತಾರು ಜನ ಬರೆದ ಸಂಚಿಕೆ ಒಬ್ಬರೇ ಕೂತು ಹೇಳಿದಂತೆ ಕೇಳುತ್ತದೆ. ಹೋಮರನ ಮಹಾಕಾವ್ಯಗಳೂ ಅವರ ಮೂಲಕ ಭಾರತೀಯ ಹೆಸರುಗಳನ್ನು ಹೊತ್ತು ಪತ್ರಿಕೆಗೆ ಬಂದವು. ‘ಒಡಿಸ್ಸಿ’ಯ ಕಥೆ ‘ರೂಪಧರನ ಯಾತ್ರೆಗಳು’ ಆಯಿತು. ತಾವು ಓದುತ್ತಿರುವುದು ಗ್ರೀಕರ ಕಥೆ ಎಂಬುದು ಎಷ್ಟೋ ಮಕ್ಕಳಿಗೆ ಕಾಲೇಜಿಗೆ ಹೋದ ಮೇಲೆ ತಿಳಿದಿರಬೇಕು. ಚಂದಮಾಮವನ್ನು ಕಟ್ಟಿದವರಲ್ಲಿ ಒಬ್ಬರನ್ನೇ ಹೆಸರಿಸಬೇಕಾದರೆ ಕುಟುಂಬರಾವ್ ಅವರನ್ನು ಹೆಸರಿಸುವುದೇ ನ್ಯಾಯ.

ಅವರು ಬಂದ ವರ್ಷವೇ, ಅಂದರೆ 1952ರಲ್ಲಿ, ದಾಸರಿ ಸುಬ್ರಹ್ಮಣ್ಯಂ ಕೂಡ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. 2006ರವರೆಗೆ, ಐವತ್ತಕ್ಕೂ ಹೆಚ್ಚು ವರ್ಷ, ಅವರು ಚಂದಮಾಮದ ನೌಕರರಾಗಿದ್ದರು. ಪತ್ರಿಕೆಯನ್ನು ಮಕ್ಕಳು ತಿಂಗಳು ತಿಂಗಳು ಕಾದು ಓದುವಂತೆ ಮಾಡಿದ ಸಾಹಸ ಧಾರಾವಾಹಿಗಳು ಅವರ ಕೈಯಿಂದ ಬಂದವು. ಮೊದಲನೆಯದು 1954ರಲ್ಲಿ ಆರಂಭವಾದ ‘ತೋಕಚುಕ್ಕ’. ಆಕಾಶದಲ್ಲಿ ಧೂಮಕೇತು ಕಾಣಿಸಿಕೊಳ್ಳುತ್ತದೆ, ಕುಂಡಲಿನೀ ದ್ವೀಪದ ಸೇನಾನಿ ಸಮರಸೇನ ಹಡಗೇರಿ ಹೊರಡುತ್ತಾನೆ, ಏಕಾಕ್ಷಿ ಮತ್ತು ಚತುರ್ನೇತ್ರ ಎಂಬ ಮಾಂತ್ರಿಕರ ಹಗೆತನದ ನಡುವೆ ಸಿಕ್ಕಿಕೊಳ್ಳುತ್ತಾನೆ. ಆಮೇಲೆ ‘ಮಕರದೇವತ’, ‘ಮುಗ್ಗುರು ಮಾಂತ್ರಿಕುಲು’, ‘ಕಂಚುಕೋಟ’, ‘ಜ್ವಾಲಾದ್ವೀಪಂ’, ‘ರಾಕಾಸಿಲೋಯ’, ‘ಪಾತಾಳದುರ್ಗಂ’, ‘ಶಿಲಾರಥಂ’, ‘ಯಕ್ಷಪರ್ವತಂ’, ‘ಮಾಯಾಸರೋವರಂ’, ‘ಭಲ್ಲೂಕ ಮಾಂತ್ರಿಕುಡು’ ಬಂದವು. ಎಪ್ಪತ್ತರ ದಶಕದ ಕೊನೆಯವರೆಗೆ ಈ ಸರಣಿ ಹರಿಯಿತು. ಇವು ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳಲ್ಲೂ ಅನುವಾದವಾಗಿ ಪ್ರಕಟವಾದವು.

ದಾಸರಿಯವರ ಕಥನಕ್ರಮ ಸರಳವಾದರೂ ಬಿಗಿಯಾದದ್ದು. ಅವರ ನಾಯಕರು ಸಾಮಾನ್ಯವಾಗಿ ಜೋಡಿಗಳು. ಖಡ್ಗವರ್ಮ ಮತ್ತು ಜೀವದತ್ತರಂತೆ ಒಬ್ಬ ಕತ್ತಿಯನ್ನು ನಂಬಿದವನಾದರೆ ಇನ್ನೊಬ್ಬ ಬುದ್ಧಿಯನ್ನು ನಂಬಿದವನು. ಕಾಡು, ಮರುಭೂಮಿ, ಜ್ವಾಲಾಮುಖಿ, ಪಾಳುಕೋಟೆಗಳ ನಡುವೆ ದಾರಿ ಸಾಗುತ್ತದೆ. ಪ್ರತಿ ಕಂತು ಹೊಸದೊಂದು ಅಪಾಯದ ಹೊಸ್ತಿಲಲ್ಲಿ ನಿಲ್ಲುತ್ತದೆ. ಕಾಡಿನ ಬುಡಕಟ್ಟುಗಳು, ಸಣ್ಣಪುಟ್ಟ ಪಾಳೆಯಗಾರರು, ಹೆದರುಪುಕ್ಕಲ ಶಿಷ್ಯರು ಇವರೆಲ್ಲರಿಗೂ ಸ್ವಂತ ಸ್ವಭಾವವಿದೆ. ಸಂಸ್ಕೃತದ ಗಾಂಭೀರ್ಯವಿರುವ ಹೆಸರುಗಳ ಜೊತೆಗೆ ಹಳ್ಳಿಯ ಜಗಳದ ಮಾತು ಬೆರೆತು ಹುಟ್ಟುವ ತಮಾಷೆ ಅವರ ವಿಶೇಷ. ಆದರೆ ಧಾರಾವಾಹಿಯ ಶಿರೋಭಾಗದಲ್ಲಿ ಲೇಖಕರ ಹೆಸರು ಇರುತ್ತಿರಲಿಲ್ಲ. ಸಂಸ್ಥೆಯ ಒಳಗಿನವರು ಬರೆದದ್ದಕ್ಕೆ ಹೆಸರು ಹಾಕಬಾರದೆಂಬ ಪದ್ಧತಿಯನ್ನು ಅವರೂ ಪಾಲಿಸಿದರು. ಚಿತ್ರದ ಮೂಲೆಯಲ್ಲಿ ಚಿತ್ರಕಾರನ ಸಹಿ ಕಾಣುತ್ತಿತ್ತು, ಕಥೆ ಮಾತ್ರ ಪತ್ರಿಕೆಯದಾಗಿ ಉಳಿಯಿತು. ಅಸಂಖ್ಯ ಮಕ್ಕಳ ಬಾಲ್ಯವನ್ನು ತುಂಬಿದ ಬರಹಗಾರನೊಬ್ಬನನ್ನು ಓದುಗರು ಅವನ ಮುಪ್ಪಿನವರೆಗೂ ಹೆಸರಿನಿಂದ ಅರಿಯದೆ ಹೋದದ್ದು ನೋವಿನ ಸಂಗತಿ.

ಪತ್ರಿಕೆಗೆ ಶಾಶ್ವತ ಗುರುತು ತಂದುಕೊಟ್ಟದ್ದು ಬೇತಾಳ ಕಥೆಗಳು. ಮೂಲದ ‘ವೇತಾಳಪಂಚವಿಂಶತಿ’ಯಲ್ಲಿ ಇರುವುದು ಇಪ್ಪತ್ತೈದು ಕಥೆ. 1950ರ ದಶಕದ ನಡುವಿನಲ್ಲಿ ಆರಂಭವಾದ ಸರಣಿಗೆ ಅವು ಎರಡು ವರ್ಷಕ್ಕಷ್ಟೇ ಸಾಲುತ್ತಿದ್ದವು. ಚಂದಮಾಮದವರು ಚೌಕಟ್ಟನ್ನು ಉಳಿಸಿಕೊಂಡು ಒಳಗಿನ ಕಥೆಯನ್ನು ಬದಲಿಸುತ್ತ ಹೋದರು. ರಾಜ ಮರದಿಂದ ಶವವನ್ನು ಇಳಿಸಿ ಹೆಗಲಿಗೇರಿಸುತ್ತಾನೆ, ಶವದೊಳಗಿನ ಬೇತಾಳ ದಾರಿಯ ಆಯಾಸ ಮರೆಸಲು ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಹೇಳಿದರೆ ಮೌನಭಂಗ. ರಾಜ ಉತ್ತರಿಸುತ್ತಾನೆ, ಬೇತಾಳ ಮತ್ತೆ ಮರ ಸೇರುತ್ತದೆ. ಈ ಚೌಕಟ್ಟಿನೊಳಗೆ ಯಾವ ಕಥೆಯನ್ನಾದರೂ ಕೂರಿಸಬಹುದಿತ್ತು, ಒಂದು ಷರತ್ತಿನ ಮೇಲೆ: ಕಥೆಯ ಕೊನೆಯಲ್ಲಿ ಎರಡು ಮಾತಿಗೆ ಎಡೆಯಿರುವ ಧರ್ಮಸಂದೇಹ ಉಳಿಯಬೇಕು. ಮೂವರಲ್ಲಿ ಹೆಚ್ಚು ತ್ಯಾಗ ಯಾರದು, ಸಿಕ್ಕ ರಾಜ್ಯವನ್ನು ಬಿಟ್ಟುಕೊಟ್ಟದ್ದು ಸರಿಯೇ, ಸುಳ್ಳು ಹೇಳಿ ಜೀವ ಉಳಿಸಿದವನು ಶಿಕ್ಷಾರ್ಹನೇ? ಮಗು ಓದುವುದನ್ನು ನಿಲ್ಲಿಸಿ ತಾನೇ ಒಂದು ತೀರ್ಪು ಕೊಟ್ಟು, ಆಮೇಲೆ ರಾಜನ ಉತ್ತರದೊಂದಿಗೆ ಹೋಲಿಸುತ್ತಿತ್ತು. ಮಕ್ಕಳ ಪತ್ರಿಕೆಯಲ್ಲಿ ತರ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಂಕಣ ಭಾರತದಲ್ಲಿ ಬಂದದ್ದು ಅಪರೂಪ. ಹೊಸ ಬೇತಾಳ ಕಥೆಗಳು ದಶಕಗಳ ಕಾಲ ಬರೆಯಲ್ಪಟ್ಟವು. ಕನ್ನಡದ ಮಟ್ಟಿಗೆ ಈ ರಾಜನನ್ನು ಕುರಿತ ‘ಛಲ ಬಿಡದ ತ್ರಿವಿಕ್ರಮ’ ಎಂಬ ಮಾತು ಚಂದಮಾಮ ಓದಿದ ಪೀಳಿಗೆಗಳ ನಾಲಿಗೆಯಲ್ಲಿ ನೆಲೆನಿಂತಿತು.

ಹೊರಗಿನಿಂದ ಬರೆದವರಿಗೂ ಪತ್ರಿಕೆ ಬಾಗಿಲು ತೆರೆದಿತ್ತು, ಅವರ ಹೆಸರು ಕಥೆಯೊಂದಿಗೆ ಅಚ್ಚಾಗುತ್ತಿತ್ತು. ‘ವಸುಂಧರ’ ಎಂಬ ಹೆಸರಿನಲ್ಲಿ ಬರೆದ ದಂಪತಿ ಎಪ್ಪತ್ತರ ದಶಕದಿಂದ ತೆಲುಗಿನ ಅತಿ ಹೆಚ್ಚು ಪರಿಚಿತ ಚಂದಮಾಮ ಲೇಖಕರಾದರು. ಇಂಗ್ಲಿಷ್ ಆವೃತ್ತಿಗೆ ಒಡಿಯಾ ಮತ್ತು ಇಂಗ್ಲಿಷ್ ಕಥೆಗಾರ ಮನೋಜ್ ದಾಸ್ ಬಹುಕಾಲ ಬರೆದರು. ಓದುಗರ ಪಾಲಿಗೆ ಇದ್ದ ಇನ್ನೊಂದು ಬಾಗಿಲು ಫೋಟೋ ಶೀರ್ಷಿಕೆಯ ಸ್ಪರ್ಧೆ. ಎರಡು ಛಾಯಾಚಿತ್ರಗಳಿಗೆ ಜೊತೆಯಾಗಿ ಹೊಂದುವ ಎರಡು ಪುಟ್ಟ ಶೀರ್ಷಿಕೆಗಳನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸಬೇಕು. ತಮ್ಮ ಭಾಷೆಯಲ್ಲಿ ಪ್ರಾಸ, ಪದಮೈತ್ರಿ ಹುಡುಕುವ ಚಟವನ್ನು ಅನೇಕರಿಗೆ ಹತ್ತಿಸಿದ್ದು ಈ ಪುಟ.

ಚಂದಮಾಮವನ್ನು ಓದಲು ಬಾರದ ಮಕ್ಕಳೂ ನೋಡುತ್ತಿದ್ದರು. ಅದಕ್ಕೆ ಕಾರಣರಾದ ಚಿತ್ರಕಾರರಲ್ಲಿ ಮೊದಲಿಗರು ಟಿ.ವಿ. ರಾಘವನ್. ‘ಚಿತ್ರ’ ಎಂಬುದು ಅವರ ಸಹಿ. ಮೊದಲ ಸಂಚಿಕೆಯಿಂದಲೂ ಪತ್ರಿಕೆಯಲ್ಲಿದ್ದು, 1978ರಲ್ಲಿ ತೀರಿಕೊಳ್ಳುವವರೆಗೆ ಬಿಡಿಸಿದರು. ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತವರಲ್ಲ. ಅವರ ರೇಖೆಯಲ್ಲಿ ಶಾಸ್ತ್ರೀಯ ನಯಕ್ಕಿಂತ ಚಲನೆ ಹೆಚ್ಚು. ಓಡುವ ಕುದುರೆ, ಬಾಗಿದ ಬೆನ್ನು, ಬೆಚ್ಚಿದ ಕಣ್ಣು ಎರಡು ಮೂರು ಗೆರೆಗಳಲ್ಲಿ ಮೂಡುತ್ತಿದ್ದವು. ದಾಸರಿಯವರ ಧಾರಾವಾಹಿಗಳಿಗೆ ಅವರೇ ಚಿತ್ರಕಾರರು. ಬರಹದಲ್ಲಿ ಒಂದು ವಾಕ್ಯದಲ್ಲಿ ಬಂದುಹೋಗುವ ವಿಚಿತ್ರ ಪ್ರಾಣಿಗೆ ಮೈ, ಚರ್ಮ, ಹಲ್ಲು ಕೊಡಬೇಕಾದವರು ಅವರು. ಒಂದೇ ಪಾತ್ರ ವರ್ಷಗಟ್ಟಲೆ ಬಂದರೂ ಮುಖ ಬದಲಾಗಬಾರದು, ಉಡುಗೆ ಮರೆಯಬಾರದು, ಕಂತಿನಿಂದ ಕಂತಿಗೆ ಗಾಯದ ಗುರುತೂ ಉಳಿಯಬೇಕು. ದಾಸರಿಯವರ ಲೋಕ ಇಂದಿಗೂ ಓದುಗರ ಕಣ್ಣಿಗೆ ಕಟ್ಟಿರುವುದು ಚಿತ್ರರ ರೇಖೆಗಳಲ್ಲೇ. ಆ ಧಾರಾವಾಹಿಗಳನ್ನು ಇಬ್ಬರ ಕೃತಿಯೆಂದೇ ಎಣಿಸಬೇಕು.

ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಎಂ.ಟಿ.ವಿ. ಆಚಾರ್ಯ ಅವರದು. ಮೈಸೂರು ಸೀಮೆಯಿಂದ ಮದರಾಸಿಗೆ ಹೋದ ಆಚಾರ್ಯರು ಚಂದಮಾಮದ ಆರಂಭದ ವರ್ಷಗಳಲ್ಲೇ ಅದರ ಪ್ರಮುಖ ಚಿತ್ರಕಾರರಾದರು. ಅವರ ಮಹಾಭಾರತದ ಮುಖಪುಟ ಚಿತ್ರಗಳು ಎಷ್ಟೋ ಮನೆಗಳಲ್ಲಿ ಕತ್ತರಿಸಿ ಕಟ್ಟು ಹಾಕಿಸಿದ ಪಟಗಳಾದವು. ಬೆಳಕು, ನೆರಳು, ಮೈಕಟ್ಟುಗಳಲ್ಲಿ ಪಾಶ್ಚಾತ್ಯ ವಾಸ್ತವ ಶೈಲಿಯ ಅಭ್ಯಾಸ ಕಾಣುತ್ತದೆ. ಆಭರಣ, ಕಿರೀಟ, ರಥಗಳ ಅಲಂಕಾರದಲ್ಲಿ ಮೈಸೂರು ಸಂಪ್ರದಾಯದ ಸೂಕ್ಷ್ಮಗಾರಿಕೆ ಇದೆ. ಭೀಷ್ಮ, ಕರ್ಣ, ದ್ರೌಪದಿಯರಿಗೆ ಅವರು ಕೊಟ್ಟ ಮುಖಗಳು ಆ ಕಾಲದ ಮಕ್ಕಳಿಗೆ ಆ ಪಾತ್ರಗಳ ನಿಜವಾದ ಮುಖಗಳೇ ಆಗಿದ್ದವು. ಮುಂದೆ ಬೆಂಗಳೂರಿಗೆ ಮರಳಿದ ಅವರು ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆಯನ್ನು ನಡೆಸಿದರು. ಗುರುವನ್ನು ಹುಡುಕಿಕೊಂಡು ಪೇಟೆಗೆ ಹೋಗಲಾರದ ಹಳ್ಳಿಯ ಹುಡುಗರಿಗೆ ಪಾಠಗಳು ಮನೆ ಬಾಗಿಲಿಗೆ ಬಂದವು. ಚಂದಮಾಮದ ಮುಖಪುಟ ನೋಡಿ ಕುಂಚ ಹಿಡಿದವರಿಗೆ ಅದನ್ನು ಬಿಡಿಸಿದವರಿಂದಲೇ ಕಲಿಯುವ ಅವಕಾಶ ಹೀಗೆ ಒದಗಿತು.

ಕೆ.ಸಿ. ಶಿವಶಂಕರನ್, ಅಂದರೆ ‘ಶಂಕರ್’, 1952ರಲ್ಲಿ ಸೇರಿದರು. 1924ರಲ್ಲಿ ತಮಿಳುನಾಡಿನ ಧಾರಾಪುರಂ ಬಳಿಯ ಹಳ್ಳಿಯಲ್ಲಿ ಹುಟ್ಟಿದವರು. ದೇವೀಪ್ರಸಾದ್ ರಾಯ್‌ಚೌಧುರಿ ಪ್ರಾಂಶುಪಾಲರಾಗಿದ್ದಾಗ ಮದರಾಸಿನ ಸರಕಾರಿ ಕಲಾಶಾಲೆಯಲ್ಲಿ ಕಲಿತು, ‘ಕಲೈಮಗಳ್’ ತಮಿಳು ಪತ್ರಿಕೆಯಲ್ಲಿ ದುಡಿದು ಚಂದಮಾಮಕ್ಕೆ ಬಂದರು. ಚಿತ್ರರ ರೇಖೆಯಲ್ಲಿ ವೇಗವಿದ್ದರೆ ಶಂಕರರ ರೇಖೆಯಲ್ಲಿ ನಿಧಾನವಿದೆ. ಕಲ್ಲಿನ ಕಂಬವಿದ್ದರೆ ಅದರ ಕೆತ್ತನೆಯೂ ಇರಬೇಕು, ಮರವಿದ್ದರೆ ತೊಗಟೆಯ ಒರಟೂ ಕಾಣಬೇಕು. ದೇವಾಲಯಗಳ ಶಿಲ್ಪಗಳನ್ನು ನೋಡಿ ಅಭ್ಯಾಸ ಮಾಡಿದ್ದರ ಫಲ ಅವರ ಅರಮನೆ, ಗೋಪುರ, ಒಡವೆಗಳಲ್ಲಿ ಕಾಣುತ್ತದೆ. ಬೇತಾಳ ಕಥೆಯ ತಲೆಬರಹದ ಚಿತ್ರ, ಅಂದರೆ ಬಿಚ್ಚುಗತ್ತಿ ಹಿಡಿದು ಹೆಗಲ ಮೇಲೆ ಶವ ಹೊತ್ತು ಸ್ಮಶಾನದಲ್ಲಿ ದಾಪುಗಾಲಿಡುವ ರಾಜ, ಅವರ ಕೈಯಲ್ಲಿ ಸ್ಥಿರರೂಪ ಪಡೆಯಿತು. ಆ ಚಿತ್ರದಲ್ಲಿ ರಾಜನ ಮುಖದಲ್ಲಿ ಭಯವಿಲ್ಲ, ಗರ್ವವೂ ಇಲ್ಲ. ಹೊತ್ತ ಕೆಲಸವನ್ನು ಮುಗಿಸಬೇಕೆಂಬ ಗಮನವಷ್ಟೇ ಇದೆ. ಮುಂದೆ ಸರಣಿಯ ಒಳಗಿನ ಕಥೆ ಪ್ರತಿ ತಿಂಗಳು ಬದಲಾದರೂ ಓದುಗರು ಮೊದಲು ಹುಡುಕುತ್ತಿದ್ದುದು ಈ ಚಿತ್ರವನ್ನು.

ಮುಖಪುಟಗಳ ಮತ್ತೊಬ್ಬ ದೊರೆ ‘ವಪಾ’, ಅಂದರೆ ವಡ್ಡಾದಿ ಪಾಪಯ್ಯ. ಶ್ರೀಕಾಕುಳದಲ್ಲಿ 1921ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡವರು. ಆಚಾರ್ಯರ ಬಣ್ಣಗಳು ಸಂಯಮದವು, ವಪಾ ಅವರವು ಉಜ್ವಲವಾದವು. ಪುರಾಣದ ಸನ್ನಿವೇಶವನ್ನು ನಾಟಕದ ಅತ್ಯಂತ ತೀವ್ರ ಗಳಿಗೆಯಲ್ಲಿ ಹಿಡಿದಿಡುವುದು ಅವರ ರೀತಿ. ಅವರ ಸ್ತ್ರೀಪಾತ್ರಗಳ ದೊಡ್ಡ ಕಣ್ಣು ಮತ್ತು ನಿಲುವಿನಲ್ಲಿ ಉತ್ತರಾಂಧ್ರದ ಹಳ್ಳಿಯ ಹೆಣ್ಣುಮಕ್ಕಳ ಚಹರೆ ಇದೆ. ಚಕ್ರಪಾಣಿಯವರ ‘ಯುವ’ ಪತ್ರಿಕೆಗೂ ಅವರು ಮುಖಪುಟ ಬಿಡಿಸಿದರು. ನಂತರದ ಕಾಲದಲ್ಲಿ ರಾಝಿ ಮೊದಲಾದವರು ಒಳಪುಟಗಳ ಹೊಣೆ ಹಂಚಿಕೊಂಡರು.

ಕಥೆ ಮತ್ತು ಚಿತ್ರ ಒಂದಾಗುತ್ತಿದ್ದ ಬಗೆ ಗಮನಿಸಬೇಕಾದದ್ದು. ಮೂಲ ಬರಹ ತೆಲುಗಿನಲ್ಲಿ ಸಿದ್ಧವಾಗುತ್ತಿತ್ತು. ಪುಟದಲ್ಲಿ ಚಿತ್ರದ ಜಾಗ ನಿಗದಿಯಾಗುತ್ತಿತ್ತು. ಚಿತ್ರ ಎಲ್ಲ ಭಾಷೆಗಳಿಗೂ ಒಂದೇ, ವಿನ್ಯಾಸವೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅಕ್ಷರ ಮಾತ್ರ. ಆದ್ದರಿಂದ ಅನುವಾದಕನಿಗೆ ಅರ್ಥದ ಜೊತೆಗೆ ಜಾಗದ ಲೆಕ್ಕವೂ ಇತ್ತು. ಒಂದು ಘಟನೆಯ ಚಿತ್ರ ಯಾವ ಪುಟದಲ್ಲಿದೆಯೋ ಆ ಘಟನೆಯ ಮಾತೂ ಅದೇ ಪುಟಕ್ಕೆ ಬರಬೇಕು. ತೆಲುಗಿನಲ್ಲಿ ನಾಲ್ಕು ಸಾಲಿನಲ್ಲಿ ಮುಗಿದದ್ದು ಬೇರೊಂದು ಭಾಷೆಯಲ್ಲಿ ಐದಾದರೆ ಎಲ್ಲೋ ಒಂದು ಸಾಲು ಕೊಯ್ಯಬೇಕು. ಚಿತ್ರಕಾರನಿಗೂ ಇಂಥದೇ ಕಟ್ಟು. ಅವನು ಬಿಡಿಸಿದ ರಾಜ, ಸೆಟ್ಟಿ, ಅಗಸ, ಮುದುಕಿ ಇವರು ಆಂಧ್ರದವರೂ ಆಗಬೇಕು, ಮಹಾರಾಷ್ಟ್ರ, ಗುಜರಾತಿನ ಮಕ್ಕಳಿಗೂ ತಮ್ಮವರೆನಿಸಬೇಕು. ಯಾವ ಒಂದು ಪ್ರಾಂತ್ಯಕ್ಕೂ ಪೂರ್ತಿ ಸೇರದ, ಯಾವುದಕ್ಕೂ ಪರಕೀಯವಲ್ಲದ ‘ಒಂದಾನೊಂದು ಕಾಲದ’ ಭಾರತವನ್ನು ಈ ಚಿತ್ರಕಾರರು ಸೃಷ್ಟಿಸಿದರು.

ಕನ್ನಡದಲ್ಲಿ ಮಕ್ಕಳ ಸಾಹಿತ್ಯದ ನೆಲ ಅದಾಗಲೇ ಹದವಾಗಿತ್ತು. ಪಂಜೆ ಮಂಗೇಶರಾಯರು, ಹೊಯಿಸಳ, ಜಿ.ಪಿ. ರಾಜರತ್ನಂ ಕಥೆ, ಕವಿತೆಗಳಿಂದ ಮಕ್ಕಳಿಗೆ ಓದುವ ರುಚಿ ಹತ್ತಿಸಿದ್ದರು. ಆದರೆ ಪ್ರತಿ ತಿಂಗಳು ಬಣ್ಣದ ಮುಖಪುಟ ಹೊತ್ತು, ಪುಟಪುಟಕ್ಕೂ ಚಿತ್ರವಿಟ್ಟು ಬರುವ ಪತ್ರಿಕೆ ಹೊಸದು. ಕನ್ನಡ ಚಂದಮಾಮದ ಅನುವಾದಕರು ಬಳಸಿದ ಗದ್ಯ ಯಾವ ಒಂದು ಸೀಮೆಯ ಮಾತಿಗೂ ಅಂಟಿಕೊಳ್ಳದ, ಶಾಲೆಯ ಮಗು ತಡವರಿಸದೆ ಓದಬಲ್ಲ ಗದ್ಯ. ಮೈಸೂರಿನಲ್ಲಿ, ಧಾರವಾಡದಲ್ಲಿ, ಮಂಗಳೂರಿನಲ್ಲಿ, ಕಲಬುರಗಿಯಲ್ಲಿ ಬೇರೆಬೇರೆ ಆಡಳಿತಗಳ ಕೆಳಗಿದ್ದ ಮಕ್ಕಳು 1956ರ ಏಕೀಕರಣಕ್ಕೆ ಮೊದಲೇ ಒಂದೇ ಪತ್ರಿಕೆಯ ಒಂದೇ ಕನ್ನಡವನ್ನು ಓದುತ್ತಿದ್ದರು. ಬಿಡಿ ಅಕ್ಷರ ಕೂಡಿಸಿ ಓದಲು ಕಲಿತ ಮಗು ಗಟ್ಟಿಯಾಗಿ ಓದುವುದು, ಮನೆಯ ಹಿರಿಯರು ಸುತ್ತ ಕೂತು ಕೇಳುವುದು ಹಳ್ಳಿಗಳಲ್ಲಿ ಸಾಮಾನ್ಯ ನೋಟವಾಗಿತ್ತು. ಚಂದಮಾಮದ ಹಾದಿಯಲ್ಲಿ ‘ಬಾಲಮಿತ್ರ’ದಂಥ ಪತ್ರಿಕೆಗಳೂ ಬಂದವು. ಕನ್ನಡದ ಹಲವು ಪೀಳಿಗೆಗಳಿಗೆ ಸರಾಗವಾದ ಓದನ್ನು ಕಲಿಸಿದ ಈ ಅನುವಾದಕರಿಗೆ ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ಜಾಗ ಕೊಟ್ಟಿಲ್ಲ. ಕೊಡಬೇಕು.

ಐದು ವರ್ಷಗಳೊಳಗೆ ಮೂವರು ಹೋದರು. 1975ರ ಸೆಪ್ಟೆಂಬರ್‌ನಲ್ಲಿ ಚಕ್ರಪಾಣಿ, 1978ರಲ್ಲಿ ಚಿತ್ರ, 1980ರಲ್ಲಿ ಕುಟುಂಬರಾವ್. ಸಂಪಾದಕತ್ವ ನಾಗಿರೆಡ್ಡಿಯವರ ಮಗ ಬಿ. ವಿಶ್ವನಾಥರೆಡ್ಡಿಯವರಿಗೆ ಬಂತು. ‘ವಿಶ್ವಂ’ ಎಂಬ ಹೆಸರಿನಿಂದ ಅವರು ಓದುಗರಿಗೆ ಪರಿಚಿತರು. ಪತ್ರಿಕೆ ಕುಗ್ಗಲಿಲ್ಲ, ಹೊಸ ಭಾಷೆಗಳಿಗೆ ವಿಸ್ತರಿಸಿತು. ಶಂಕರ್ ಮತ್ತು ದಾಸರಿ ಹಳೆಯ ಹದವನ್ನು ಬಲ್ಲವರಾಗಿ ಒಳಗಿದ್ದರು. ಆದರೂ ಸಾಹಸ ಧಾರಾವಾಹಿಗಳ ಕಾಲ ಮುಗಿದಿತ್ತು, ಬರಹದ ಬಿಗಿ ಮೊದಲಿನಷ್ಟು ಇರಲಿಲ್ಲ. ಪ್ರತಿ ವಾಕ್ಯವನ್ನೂ ಓದಿ ತಿದ್ದುತ್ತಿದ್ದ ಕೈ ಇಲ್ಲವಾದದ್ದೇ ಇದಕ್ಕೆ ಮುಖ್ಯ ಕಾರಣ. ದೂರದರ್ಶನ ಮನೆಮನೆಗೆ ಬಂದದ್ದು ಆಮೇಲಿನ ಮಾತು.

1998ರಲ್ಲಿ ಪ್ರಕಟಣೆ ನಿಂತಿತು. ಹೊಸ ಬಂಡವಾಳದೊಂದಿಗೆ 1999ರ ಕೊನೆಗೆ ಮತ್ತೆ ಆರಂಭವಾಯಿತು. ಪುಟವಿನ್ಯಾಸ ಬದಲಾಯಿತು, ವಿಜ್ಞಾನ, ಸುದ್ದಿ, ಒಗಟುಗಳಿಗೆ ಹೆಚ್ಚು ಸ್ಥಳ ಸಿಕ್ಕಿತು. 2004ರಲ್ಲಿ ನಾಗಿರೆಡ್ಡಿಯವರು ತೀರಿಕೊಂಡರು. 2007ರಲ್ಲಿ ಮುಂಬಯಿಯ ತಂತ್ರಾಂಶ ಸಂಸ್ಥೆ ಜಿಯೋಡೆಸಿಕ್ ಪತ್ರಿಕೆಯನ್ನು ಕೊಂಡಿತು. 2012–13ರ ಹೊತ್ತಿಗೆ ಎಲ್ಲ ಭಾಷೆಗಳ ಸಂಚಿಕೆಗಳೂ ನಿಂತುಹೋದವು.

ಕೊನೆಯವರೆಗೂ ಇದ್ದವರು ಶಂಕರ್. ಅರವತ್ತು ವರ್ಷ ಚಂದಮಾಮಕ್ಕೆ ಬಿಡಿಸಿದ ಅವರು ಪತ್ರಿಕೆ ನಿಂತ ಮೇಲೂ ಕುಂಚ ಕೆಳಗಿಡಲಿಲ್ಲ. ಚೆನ್ನೈನ ರಾಮಕೃಷ್ಣ ಮಠದ ತಮಿಳು ಮಾಸಪತ್ರಿಕೆ ‘ಶ್ರೀ ರಾಮಕೃಷ್ಣ ವಿಜಯಂ’ಗೆ ಚಿತ್ರ ಬರೆದರು. 2020ರ ಸೆಪ್ಟೆಂಬರ್ 29ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಸಂದಿತು. ದಾಸರಿ ಸುಬ್ರಹ್ಮಣ್ಯಂ 2010ರ ಜನವರಿಯಲ್ಲಿ ಕಾಲವಾದರು. ಹಳೆಯ ಸಂಚಿಕೆಗಳನ್ನು ಜತನದಿಂದ ಕಾಪಾಡಿಕೊಂಡ ಓದುಗರು ಅವರ ಧಾರಾವಾಹಿಗಳನ್ನು ಒಟ್ಟುಗೂಡಿಸಿದ್ದರಿಂದ ತೆಲುಗಿನಲ್ಲಿ ಅವು ಪುಸ್ತಕಗಳಾಗಿ ಬರತೊಡಗಿದವು. ಆ ಪುಸ್ತಕಗಳ ಮುಖಪುಟದಲ್ಲಿ ಅವರ ಹೆಸರಿದೆ. ಕನ್ನಡದಲ್ಲಿ ಅಂಥ ಕೆಲಸ ಆಗಬೇಕಾಗಿದೆ, ಅನುವಾದಕರ ಹೆಸರುಗಳನ್ನೂ ಹುಡುಕಿ ಸೇರಿಸಿ.